ಅರಸೀಕೆರೆ ಸ್ಟೇಷನ್ನಿನಲ್ಲಿ ಸೋದರಮಾವನ ತಪಾಸಣೆ

ಅವತ್ತು ಹಳೇಬೀಡಿನ ನಮ್ಮ ಮನೆಯ ಪಡಸಾಲೆಯಲ್ಲಿ ಇದ್ದವರು ನಾಲ್ಕೇ ಜನ. ನಾನು, ನನ್ನ ಹೆಂಡತಿ, ಅವಳ ಸೋದರಮಾವ, ಮತ್ತೆ ಕತ್ತಿಗೆ ಟೈ ಬಿಗಿದುಕೊಂಡು ಬಂದಿದ್ದ ಕಂಪನಿಯ ಮನುಷ್ಯ. ಇಂಟರ್‌ನೆಟ್ಟಿನಲ್ಲಿ ಹಳೇಬೀಡಿನ ರೂಮು ಯಾರು ಹುಡುಕಿದರೂ ನಮ್ಮ ಹೋಂಸ್ಟೇ ಹೆಸರೇ ಮೊದಲು ಬರುವಂತೆ ಮಾಡುತ್ತೇವೆಂದು ಒಪ್ಪಿಕೊಂಡಿದ್ದ ಕಂಪನಿ ಅದು. ಆ ತಿಂಗಳ ರಿಪೋರ್ಟನ್ನು ಅವನು ಟೀಪಾಯಿಯ ಮೇಲಿಟ್ಟ. ನುಣ್ಣನೆಯ ಹಾಳೆ, ಮೇಲಕ್ಕೇ ಏರುವ ಹಸಿರು ಗೆರೆ.

ಮಾವ ಬಲಗೈಯ ಹೆಬ್ಬೆರಳನ್ನು ಅದರ ಮೇಲಿಟ್ಟರು. ಆ ಹೆಬ್ಬೆರಳಿನ ಉಗುರು ಚಪ್ಪಟೆಯಾಗಿ, ಕಪ್ಪಾಗಿ, ಹುರಿದ ಹುಣಸೆಬೀಜದ ಹಾಗಿತ್ತು. ಮೂವತ್ತು ವರ್ಷ ತೂಕ ಮತ್ತು ಅಳತೆಯ ಇಲಾಖೆಯಲ್ಲಿದ್ದು, ಸಂತೆಯಿಂದ ಸಂತೆಗೆ ತಿರುಗಿ, ತೂಕದ ಕಲ್ಲುಗಳ ತಳದಲ್ಲಿರುವ ಸೀಸಕ್ಕೆ ಸರ್ಕಾರಿ ಮುದ್ರೆ ಹೊಡೆದವರು ಅವರು. ಸುತ್ತಿಗೆ ಎಷ್ಟು ಸಲ ಸೀಸ ತಪ್ಪಿ ಉಗುರಿನ ಮೇಲೆ ಬಿದ್ದಿತ್ತೋ, ಅವರಿಗೇ ಲೆಕ್ಕವಿರಲಿಲ್ಲ. ಆ ಬೆರಳಿನಿಂದ ರಿಪೋರ್ಟನ್ನು ಮೆಲ್ಲಗೆ ಮಗುಚಿ, ಹಿಂಬದಿ ನೋಡಿದರು.

"ಹಿಂದ್ಗಡೆ ಏನೂ ಇಲ್ವಲ್ಲಪ್ಪಾ."

"ಅಂಕಲ್, ಪ್ರಿಂಟ್ ಒಂದೇ ಸೈಡ್ ಇರುತ್ತೆ."

"ಅದನ್ನೇ ನೋಡ್ತಿದ್ದೀನಿ," ಅಂದರು ಮಾವ.

ಯಾವ ವಸ್ತು ಕೈಗೆ ಸಿಕ್ಕರೂ ತಿರುಗಿಸಿ ತಳ ನೋಡುವುದು ಅವರಿಗೆ ಉಸಿರಾಡಿದಷ್ಟು ಸಹಜ. ಮದುವೆ ಮನೆಯಲ್ಲಿ ಲೋಟ ಕೊಟ್ಟರೆ ಮೊದಲು ಅದರ ತಳ ನೋಡುವರು, ಆಮೇಲೆ ನೀರು ಹಾಕಿಸಿಕೊಳ್ಳುವರು. ನಾನು ಹೆಣ್ಣು ನೋಡಲು ಬಂದ ದಿನ ಎಲ್ಲರೂ ಒಳಗೆ ಉಪ್ಪಿಟ್ಟು ತಿನ್ನುತ್ತಿದ್ದರೆ, ಈ ಮಹಾಶಯರು ಜಗಲಿಯಲ್ಲಿ ನನ್ನ ಚಪ್ಪಲಿ ಮಗುಚಿ ಅಟ್ಟೆ ಪರೀಕ್ಷೆ ಮಾಡುತ್ತಿದ್ದರಂತೆ. "ಎರಡೂ ಒಂದೇ ಸಮ ಸವೆದಿದೆ ಕಣಕ್ಕಾ, ಹುಡುಗ ನೆಟ್ಟಗೆ ನಡೀತಾನೆ" ಎಂದು ನನ್ನ ಅತ್ತೆಗೆ ಹೇಳಿದ ಮೇಲೆಯೇ ಮಾತು ಮುಂದುವರಿದದ್ದು. ನನ್ನ ಜಾತಕಕ್ಕಿಂತ ನನ್ನ ಚಪ್ಪಲಿ ದೊಡ್ಡದಾಯಿತು.

ಅವರದು ಇನ್ನೊಂದು ಹಟ. ತಪಾಸಣೆಗೆ ಹೋದ ಅಂಗಡಿಯಲ್ಲಿ ಹನಿ ನೀರನ್ನೂ ಮುಟ್ಟುತ್ತಿರಲಿಲ್ಲ. ಜಾವಗಲ್ ಸಂತೆಯಲ್ಲಿ ಒಮ್ಮೆ ಕೊಬ್ಬರಿ ವ್ಯಾಪಾರಿಯೊಬ್ಬ ಎರಡು ಎಳನೀರು ಕೆತ್ತಿಸಿ ಮುಂದಿಟ್ಟುಕೊಂಡು ಕಾದಿದ್ದ. ಮಾವ ಕಲ್ಲು ಎತ್ತಿ ತಿರುಗಿಸಿದರು. ಮುದ್ರೆ ಸರಿಯಾಗಿತ್ತು. ಅದನ್ನು ಆ ವ್ಯಾಪಾರಿಯ ತಕ್ಕಡಿಯಲ್ಲೇ ಇನ್ನೊಂದು ಕಲ್ಲಿಗೆ ಇಟ್ಟು ನೋಡಿದರೂ ಮುಳ್ಳು ನಡುವೆಯೇ ನಿಂತಿತು. ಆಮೇಲೆ ತಮ್ಮ ಪೆಟ್ಟಿಗೆಯಿಂದ ಸರ್ಕಾರದ ಹಿತ್ತಾಳೆ ಕಲ್ಲು ತೆಗೆದಿಟ್ಟರು. ಮುಳ್ಳು ಓಡಿಹೋಯಿತು. ವ್ಯಾಪಾರಿ ತನ್ನ ಕಲ್ಲುಗಳನ್ನೆಲ್ಲ ಒಂದೇ ಸಮ ಕೊರೆಸಿದ್ದ. ತಾನೇ ಕೊರೆಸಿದ ಕಲ್ಲುಗಳು ಒಂದಕ್ಕೊಂದು ಸರಿಹೊಂದದೆ ಇರುತ್ತವೆಯೇ? "ಅವನ ಕಲ್ಲಲ್ಲೇ ಅವನನ್ನ ತೂಗಿದ್ರೆ ಅವನು ಯಾವತ್ತೂ ಸರಿಯಾಗೇ ಇರ್ತಾನೆ, ಅಳಿಯಂದಿರೇ" ಎಂದು ಈ ಕತೆಯನ್ನು ಅವರು ನನಗೆ ಹತ್ತು ಸಲವಾದರೂ ಹೇಳಿದ್ದರು. ಹತ್ತು ಸಲ ಕೇಳಿಯೂ ನನ್ನ ತಲೆಗೆ ಹೋಗಿರಲಿಲ್ಲ ಅನ್ನುವುದೇ ಈಗ ನಾನು ಹೇಳಬೇಕಾದ ವಿಷಯ.

ಹುಲಿಕೆರೆ ರಸ್ತೆಯಲ್ಲಿರುವ ಈ ಮನೆ ನನ್ನ ಅತ್ತೆಯದು. ಅವರು ತೀರಿಕೊಂಡ ಮೇಲೆ ಮೂರು ಕೋಣೆಗಳನ್ನು ಒಪ್ಪ ಮಾಡಿ, ದೇವಸ್ಥಾನ ನೋಡಲು ಬರುವವರಿಗೆ ಇಳಿದುಕೊಳ್ಳಲು ಕೊಟ್ಟು, ಮನೆಯೂಟ ಹಾಕಬೇಕೆಂಬುದು ನನ್ನ ಹೆಂಡತಿಯ ಆಸೆ. ಅತ್ತೆಯ ಹೆಸರನ್ನೇ ಹೋಂಸ್ಟೇಗೂ ಇಟ್ಟಳು. ಆದರೆ ಮನೆಯಲ್ಲಿ ಅವಳ ಅಣ್ಣನಿಗೂ ಪಾಲಿತ್ತು. ಅವನು ಒಂದೇ ಮಾತು ಹೇಳಿದ: "ಬರೋ ಯುಗಾದಿ ತನಕ ನಡೆಸ್ಕೋ ತಂಗೀ. ಜನ ಬರ್ಲಿಲ್ಲಾಂದ್ರೆ ಸಿಮೆಂಟ್ ಗೋಡೌನಿಗೆ ಕೊಟ್ಟುಬಿಡೋಣ. ಕೇಳ್ತಾವ್ರೆ." ಅತ್ತೆ ದೇವರ ದೀಪ ಹಚ್ಚುತ್ತಿದ್ದ ಗೂಡಿನ ಮುಂದೆ ಸಿಮೆಂಟಿನ ಮೂಟೆ! ಅವತ್ತು ನನ್ನ ಹೆಂಡತಿ ಊಟ ಮಾಡಲಿಲ್ಲ.

ಜನ ಬರಬೇಕಲ್ಲ, ಅದಕ್ಕೆ ಕಂಪನಿಯನ್ನು ಗೊತ್ತುಮಾಡಿದವನು ನಾನು. ಬೇಲೂರಿನ ನನ್ನ ಕಚೇರಿಯಲ್ಲಿ ಯಾರೋ ಹೇಳಿದರು, ನಾನು ನಂಬಿದೆ. ಎರಡನೇ ತಿಂಗಳಿಗೇ ಕಂಪನಿಯವನು ಫೋನ್ ಮಾಡಿ, "ಸರ್, ಹುಡುಕಿ ನೋಡಿ, ನಂಬರ್ ಒನ್!" ಅಂದ. ಹುಡುಕಿದೆ. ನಿಜವಾಗಿಯೂ ನಮ್ಮ ಮನೆಯೇ ಮೊದಲು! ದಿನಾ ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಹುಡುಕುತ್ತಿದ್ದೆ. ಕಚೇರಿಯಲ್ಲಿ ಫೋನು ಹಿಡಿದು ಮೇಜಿನಿಂದ ಮೇಜಿಗೆ ಹೋಗಿ ತೋರಿಸಿದೆ. ಮೂರು ಕೋಣೆಗಳ ಹಾಸಿಗೆಯ ಮೇಲೆ ಮಡಿಸಿಟ್ಟ ಚಾದರ ಮಡಿಸಿದಂತೆಯೇ ಇತ್ತು. ಒಬ್ಬರೂ ಬರಲಿಲ್ಲ. ಆದರೂ ನಾನು ನಂಬರ್ ಒನ್.

ಅಂತೂ ಒಂದು ಭಾನುವಾರ ದಾವಣಗೆರೆ ಕಡೆಯಿಂದ ಒಂದು ಸಂಸಾರ ಕಾರಿನಲ್ಲಿ ಬಂದಿಳಿಯಿತು. ನನ್ನ ಹೆಂಡತಿ ಹೆಸರುಬೇಳೆ ಪಾಯಸಕ್ಕೆ ಇಟ್ಟಳು. ಮಕ್ಕಳಿಬ್ಬರೂ ಈಜುವ ಬಟ್ಟೆ ತೊಟ್ಟು ಹೊರಗೆ ಬಂದು ನಿಂತರು. ಯಜಮಾನರು ಕೇಳಿದರು: "ಹುಲಿಕೆರೆ ಕಲ್ಯಾಣಿಯಲ್ಲಿ ದೋಣಿ ಎಷ್ಟೊತ್ತಿಗೆ ಬಿಡ್ತಾರ್ರೀ?"

ದೋಣಿ! ಹೊಯ್ಸಳರ ಕಾಲದ ಮೆಟ್ಟಿಲುಬಾವಿ ಅದು, ಸುತ್ತಲೂ ಪುಟ್ಟ ಪುಟ್ಟ ಗುಡಿಗಳು. ಅಲ್ಲಿ ಕಾಲು ತೊಳೆಯುವುದಕ್ಕೂ ಜನ ಹಿಂದೆಮುಂದೆ ನೋಡುತ್ತಾರೆ. ಅವರು ಫೋನು ತೋರಿಸಿದರು. ನಮ್ಮ ಹೋಂಸ್ಟೇಯ ಪುಟದಲ್ಲೇ, ಬಣ್ಣದ ಅಕ್ಷರದಲ್ಲಿ: ಹುಲಿಕೆರೆಯಲ್ಲಿ ದೋಣಿ ವಿಹಾರ, ಜಲಕ್ರೀಡೆ, ಸಂಜೆಯ ಸೂರ್ಯಾಸ್ತ. ಯಾವುದೋ ಬೇರೆ ಊರಿಗೆ ಬರೆದಿದ್ದನ್ನು ಕಿತ್ತು ತಂದು ನಮ್ಮ ಹೆಸರಿನ ಕೆಳಗೆ ಅಂಟಿಸಿದ್ದರು. ಮಕ್ಕಳು ಅತ್ತರು. ಆ ತಾಯಿ ನನ್ನ ಹೆಂಡತಿಯನ್ನು ನೋಡಿದ ನೋಟ ಇದೆಯಲ್ಲ, ಬಸ್ಸಿನಲ್ಲಿ ಜೇಬುಗಳ್ಳನನ್ನು ಹಿಡಿದಾಗ ನೋಡುವ ನೋಟ. ಪಾಯಸ ಯಾರೂ ಮುಟ್ಟಲಿಲ್ಲ.

ಅವತ್ತು ಸಂಜೆಯೇ ಅವಳು ಅರಸೀಕೆರೆಗೆ ಫೋನ್ ಮಾಡಿದಳು. "ಮಾವಾ, ಇವರಿಗೆ ಏನು ಹೇಳಿದ್ರೂ ತಲೆಗೆ ಹೋಗ್ತಿಲ್ಲ. ನೀವು ಬಂದು ನೋಡಿ."

ಮರುದಿನದ ಬಸ್ಸಿಗೇ ಬಂದರು. ಅವಳು ಕಾಫಿ ತಂದರೆ ಕೈ ಅಡ್ಡ ಹಿಡಿದರು. "ಈಗ ಬೇಡ ಕಣೇ ಹುಡುಗಿ. ತಪಾಸಣೆಗೆ ಬಂದಿದ್ದೀನಿ."

"ಅಯ್ಯೋ ಮಾವಾ, ಇದು ನೀವು ಹುಟ್ಟಿದ ಮನೆ!"

"ಅದಕ್ಕೇ ಇನ್ನೂ ಬೇಡ" ಅಂದು ಚೀಲದಿಂದ ತಮ್ಮ ನೀರಿನ ಬಾಟಲಿ ತೆಗೆದರು.

ಐದು ತಿಂಗಳ ರಿಪೋರ್ಟುಗಳನ್ನು ನೆಲದ ಮೇಲೆ ಸಾಲಾಗಿ ಹರಡಿಸಿಕೊಂಡು, ಮಂಡಿಯೂರಿ ಕೂತು, ಪೆನ್ಸಿಲು ಹಿಡಿದು ಓದಿದರು. ಯಾವ ಯಾವ ಪದ ಹುಡುಕಿದರೆ ನಾವು ಎಷ್ಟನೆಯವರು ಎಂಬ ಪಟ್ಟಿ ಪ್ರತಿ ರಿಪೋರ್ಟಿನಲ್ಲೂ ಇತ್ತು. ನಾನು ಹೆಮ್ಮೆಯಿಂದ, "ನೋಡಿ, ಪ್ರತಿ ತಿಂಗಳೂ ಒಂದನೇ ನಂಬರು ಇದೆ" ಅಂದೆ.

"ಇದೆ. ಯಾವುದಕ್ಕೆ ಇದೆ ನೋಡಿದ್ರಾ? ಇಲ್ಲಿ ನಮ್ಮಕ್ಕನ ಹೆಸರು ಹುಡುಕಿದ್ರೆ ಒಂದನೇ ನಂಬರು ಅಂತಿದೆ. ಮುಂಬಯಿಯೋನು ನಮ್ಮಕ್ಕನ ಹೆಸರನ್ನ ಯಾಕೆ ಹುಡುಕ್ತಾನೆ ಅಳಿಯಂದಿರೇ? ಅವಳು ಅವನಿಗೆ ಏನಾಗಬೇಕು?" ಪೆನ್ಸಿಲು ಮುಂದೆ ಸರಿಯಿತು. "ಇನ್ನೊಂದು. ಹೋದ ತಿಂಗಳು ತೋರಿಸಿದ ಪದ ಈ ತಿಂಗಳು ಇಲ್ಲ. ಈ ತಿಂಗಳಿಂದು ಅದರ ಹಿಂದಿನದರಲ್ಲಿ ಇಲ್ಲ. ತಿಂಗಳಿಗೊಂದು ಕಲ್ಲು ಬದಲಾಯಿಸಿ ತೂಗಿದ್ದಾನೆ. ಮೊದಲು ಎಲ್ಲಿದ್ರಿ, ಈಗ ಎಲ್ಲಿದ್ದೀರಿ ಅಂತ ಒಂದೇ ಕಲ್ಲಲ್ಲಿ ತೂಗಿರೋದು ಒಂದೂ ಇಲ್ಲ."

ನನಗೆ ಸಿಟ್ಟು ಬಂತು. "ನನ್ನ ಫೋನಲ್ಲಿ ನಾನೇ ಕಣ್ಣಾರೆ ನೋಡಿದ್ದೀನಲ್ಲ" ಅಂದೆ.

"ನಿಮ್ಮ ಫೋನಿಗೆ ನೀವು ಗೊತ್ತು, ನಿಮ್ಮ ಮನೆ ಗೊತ್ತು. ದಿನಾ ಬೆಳಿಗ್ಗೆ ಏನು ಹುಡುಕ್ತೀರೀಂತ ಗೊತ್ತು. ಹಳೇಬೀಡಲ್ಲೇ ನಿಂತು ಹುಡುಕ್ತೀರಿ ಬೇರೆ. ಅದು ನಿಮ್ಮ ಕಲ್ಲು ಕಣ್ರೀ. ಜಾವಗಲ್ಲಿನೋನ ಕಲ್ಲು." ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡರು. "ಗುರುತಿಲ್ಲದೋರ ಫೋನು ಬೇಕು."

ಅದಾದ ಮೇಲೆ ಅವರು ಮಾಡಿದ್ದನ್ನು ಅವರಲ್ಲದೆ ಬೇರೆ ಯಾರೂ ಮಾಡುತ್ತಿರಲಿಲ್ಲ. ಬೇಲೂರು–ಹಳೇಬೀಡಿಗೆ ರೈಲಿನಲ್ಲಿ ಬರುವ ಪರಊರಿನವರು ಇಳಿಯುವುದು ಅರಸೀಕೆರೆಯಲ್ಲಿ. ಮಾವನ ಮನೆಯಿಂದ ಸ್ಟೇಷನ್ನಿಗೆ ಹತ್ತು ನಿಮಿಷದ ನಡಿಗೆ. ಪ್ರತಿ ಭಾನುವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಪ್ಲಾಟ್‌ಫಾರಂ ಟಿಕೆಟ್ ತೆಗೆದುಕೊಂಡು ಹೋಗಿ ನಿಲ್ಲುತ್ತಿದ್ದರು. ಕ್ಯಾಮೆರಾ, ಬೆನ್ನುಚೀಲ ಹೊತ್ತು ಇಳಿದವರನ್ನು ತಡೆದು, "ಹಳೇಬೀಡಿಗಾ? ಒಂದು ಉಪಕಾರ ಆಗಬೇಕಿತ್ತು. ಅಲ್ಲಿ ಉಳಕೊಳ್ಳೋಕೆ ಜಾಗ ಬೇಕಾದ್ರೆ ಫೋನಲ್ಲಿ ಏನಂತ ಹುಡುಕ್ತೀರೋ ಹಂಗೇ ಹುಡುಕಿ ತೋರಿಸ್ತೀರಾ?" ಎಂದು ಕೇಳುವರು. ಅವರು ಏನು ಬರೆದರು, ನಮ್ಮ ಮನೆ ಎಷ್ಟನೆಯದಾಗಿ ಬಂತು, ಎರಡನ್ನೇ ನೋಟ್‌ಬುಕ್ಕಿಗೆ ಇಳಿಸಿಕೊಂಡು ಕೈಮುಗಿಯುವರು.

ಕೆಲವರು ದಲ್ಲಾಳಿ ಅಂದುಕೊಂಡು ಬೈದರು. ರೈಲ್ವೆ ಪೊಲೀಸರು ಒಮ್ಮೆ ಕೂರಿಸಿಕೊಂಡು ವಿಚಾರಿಸಿದರು. ಒಬ್ಬ ಹೆಂಗಸು ಭಿಕ್ಷೆಯವರೆಂದು ತಿಳಿದು ಐದು ರೂಪಾಯಿಯ ನಾಣ್ಯ ಕೈಗಿಟ್ಟಳಂತೆ. ಮಾವ ಅದನ್ನೂ ತಿರುಗಿಸಿ ನೋಡಿ, "ಸರಿಯಾಗಿದೆ ತಾಯಿ, ಇಟ್ಕೊಳ್ಳಿ" ಎಂದು ವಾಪಸು ಕೊಟ್ಟರಂತೆ.

ಆರು ಭಾನುವಾರ. ದೇವಸ್ಥಾನದ ಹತ್ತಿರ ರೂಮು, ಮನೆಯೂಟ ಸಿಗುವ ಜಾಗ, ವಯಸ್ಸಾದವರಿಗೆ ಅನುಕೂಲ, ಕಾರು ನಿಲ್ಲಿಸಲು ಜಾಗ. ಜನ ಹುಡುಕಿದ್ದು ಇಂಥವನ್ನು. ನಮ್ಮ ಕಂಪನಿಯ ಪಟ್ಟಿಯಲ್ಲಿ ಇವು ಒಂದೂ ಇರಲಿಲ್ಲ. ಹೆಚ್ಚಿನವರ ಫೋನಿನಲ್ಲಿ ನಾವು ಎಲ್ಲೂ ಇರಲಿಲ್ಲ. ಒಬ್ಬರಲ್ಲಿ ಮೂರನೇ ಪುಟದ ತಳದಲ್ಲಿ ಸಿಕ್ಕೆವು.

ಆ ನೋಟ್‌ಬುಕ್ಕನ್ನು ಇಟ್ಟುಕೊಂಡೇ ಅವತ್ತು ಮಾವ ಕಂಪನಿಯವನ ಎದುರು ಕೂತದ್ದು, ರಿಪೋರ್ಟು ಮಗುಚಿ ನೋಡಿದ್ದು.

"ಅಂಕಲ್, ಇದೆಲ್ಲಾ ಸ್ಲೋ ಪ್ರಾಸೆಸ್. ಟೈಮ್ ಬೇಕು."

"ನಿಜ, ಬೇಕು. ಗಿಡ ನೆಟ್ಟ ದಿನವೇ ಕಾಯಿ ಕೇಳೋಕಾಗಲ್ಲ. ನಾನು ಕಾಯಿ ಕೇಳ್ತಿಲ್ಲ, ಗಿಡ ಎಷ್ಟುದ್ದ ಆಗಿದೆ ಅಂತ ಕೇಳ್ತಿದ್ದೀನಿ. ಮೊದಲನೇ ತಿಂಗಳು ಅಳೆದ ಕೋಲಲ್ಲೇ ಈಗಲೂ ಅಳೆದು ತೋರ್ಸು."

"ನೋಡಿ, ರಿವ್ಯೂಸ್ ಎಷ್ಟು ಬಂದಿವೆ! ಎಲ್ಲಾ ಫೈವ್ ಸ್ಟಾರ್!" ಎಂದು ಅವನು ಫೋನು ಮುಂದೆ ಹಿಡಿದ.

ಮಾವ ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದತೊಡಗಿದರು. ಸೊಗಸಾದ ಕೋಣೆ. ಒಳ್ಳೆಯ ಗಾಳಿ. ಆಮೇಲೆ ಅವರ ದನಿ ನಿಧಾನವಾಯಿತು. "ಮನೆಯೊಡತಿ ಆಂಟಿ..." ಅಂದರು, ಅತ್ತೆಯ ಹೆಸರು ಓದಿದರು, "...ತಾವೇ ಪಕ್ಕದಲ್ಲಿ ನಿಂತು ಬಿಸಿ ಬಿಸಿ ದೋಸೆ ಬಡಿಸಿದರು. ಅವರ ಪ್ರೀತಿ ಮರೆಯಲಾರೆವು."

ಗೋಡೆಯ ಮೇಲೆ ಅತ್ತೆಯ ಫೋಟೋ, ಅದಕ್ಕೆ ಗಂಧದ ಹಾರ.

"ನಮ್ಮಕ್ಕ ಹೋಗಿ ಹನ್ನೊಂದು ವರ್ಷ ಆಯ್ತಪ್ಪಾ" ಅಂದರು ಮಾವ. "ಇದ್ದಾಗಲೂ ಅವಳಿಗೆ ದೋಸೆ ಹುಯ್ಯೋಕೆ ಬರ್ತಿರಲಿಲ್ಲ. ಪ್ರತಿ ಸಲ ಕಾವಲಿಗೆ ಅಂಟಿ ಹರಿದುಹೋಗೋದು. ಅದನ್ನೇ ಗುಡ್ಡೆ ಹಾಕಿ, 'ತಿನ್ನೋ, ಹೊಟ್ಟೇಲಿ ಹೆಂಗಿದ್ರೂ ಹರಿಯೋದೇ' ಅನ್ನೋಳು."

ನನ್ನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಳು. ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ ಈಗಲೂ ನನಗೆ ಗೊತ್ತಿಲ್ಲ. ಕಂಪನಿಯವನು ಮಾತ್ರ ಸ್ವಲ್ಪವೂ ಕದಲದೆ, "ಅದು ಕಂಟೆಂಟ್ ಟೀಮ್ ಮಾಡಿರೋದು ಸರ್. ಬೇಕಾದ್ರೆ ದೋಸೆ ತೆಗೆದು ಇಡ್ಲಿ ಹಾಕಿಸ್ತೀನಿ" ಅಂದ.

ಥೂ! ಇಡ್ಲಿ ಹಾಕಿಸುತ್ತಾನಂತೆ! ಹಾರ ಹಾಕಿದ ಫೋಟೋದ ಕೆಳಗೆ ಕೂತು! ಅವನ ಮುಖದಲ್ಲಿ ಕೆಟ್ಟತನವೂ ಇರಲಿಲ್ಲ, ಅದೇ ಇನ್ನೂ ಅಸಹ್ಯ. ಹೆಣದ ಕೈಗೆ ಸಟುಗ ಕೊಟ್ಟು ನಿಲ್ಲಿಸಿ, ಅದಕ್ಕೆ ಐದು ಚುಕ್ಕೆ ಹಾಕಿಸಿ, ಸಾಯಂಕಾಲ ಮನೆಗೆ ಹೋಗಿ ನೆಮ್ಮದಿಯಾಗಿ ಉಣ್ಣುವ ಕೆಲಸವೂ ಒಂದು ಕೆಲಸವೇ?

ಆದರೆ ಅವನಿಗಿಂತ ಹೆಚ್ಚು ಹೇಸಿಗೆ ನನಗೆ ನನ್ನ ಮೇಲೇ. ಆ ದೋಸೆಯ ಮಾತನ್ನು ನಾನು ಎರಡು ತಿಂಗಳ ಹಿಂದೆಯೇ ಓದಿದ್ದೆ. ಐದು ಚುಕ್ಕೆ ಎಣಿಸಿ, ಖುಷಿಪಟ್ಟು, ಹೆಂಡತಿಗೆ ಹೇಳದೆ ಸುಮ್ಮನಿದ್ದೆ. ಅದನ್ನು ಅವತ್ತೇ ಅಲ್ಲೇ ಒಪ್ಪಿಕೊಂಡೆ. ಮಾವ ನನ್ನನ್ನು ಬೈಯಲಿಲ್ಲ. ಕೆಳಗೆ ನೋಡಿ, ಬಾಗಿಲ ಬಳಿ ಬಿಟ್ಟಿದ್ದ ನನ್ನ ಚಪ್ಪಲಿಯ ಕಡೆ ಕಣ್ಣು ಹಾಯಿಸಿದರು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಕಂಪನಿಯವನಿಗೆ ಅವರು ಹೇಳಿದ್ದು ಇಷ್ಟು: "ಎದ್ದೇಳಪ್ಪಾ. ನಮ್ಮಕ್ಕನನ್ನ ಮೊದಲು ಅಲ್ಲಿಂದ ಇಳಿಸು, ಆಮೇಲೆ ಈ ಕಡೆ ಬರಬೇಡ."

ಇಳಿಸಿದ. ದೋಣಿಯನ್ನೂ ತೆಗೆಸಿದೆವು. ಪುಟದ ಬೀಗದಕೈ ನಮ್ಮ ಕೈಗೆ ಬಂದ ಮೇಲೆ, ನನ್ನ ಹೆಂಡತಿ ತಾನೇ ಕೂತು, ಮಾವನ ನೋಟ್‌ಬುಕ್ಕಿನಲ್ಲಿದ್ದ ಜನರ ಮಾತುಗಳನ್ನೇ ಎದುರಿಗಿಟ್ಟುಕೊಂಡು, ಇದ್ದದ್ದನ್ನು ಇದ್ದ ಹಾಗೆ ಬರೆದಳು. ದೇವಸ್ಥಾನಕ್ಕೆ ಎಷ್ಟು ಹೆಜ್ಜೆ, ಮೆಟ್ಟಿಲು ಎಷ್ಟು, ಊಟಕ್ಕೆ ಏನು, ಕಾರು ಎಲ್ಲಿ. ಬಂದವರಿಗೊಂದು ಪುಸ್ತಕ ಇಟ್ಟಳು. ಅದರಲ್ಲಿ ಒಂದು ಕಾಲಂ ಮಾವ ಹೇಳಿ ಹಾಕಿಸಿದ್ದು: ನಮ್ಮ ಮನೆ ನಿಮಗೆ ಹೇಗೆ ಗೊತ್ತಾಯಿತು?

ಆ ದಿನ ಮಾವ ಕಾಫಿ ಕುಡಿಯುತ್ತಾರೆಂದುಕೊಂಡೆವು. ಕುಡಿಯಲಿಲ್ಲ. "ಈಗ ನಿಮ್ಮನ್ನ ತೂಗಬೇಕಲ್ಲ" ಅಂದರು. ಮತ್ತೆ ಭಾನುವಾರ ಸ್ಟೇಷನ್ನು. ಅದೇ ಪ್ರಶ್ನೆ, ಅದೇ ನೋಟ್‌ಬುಕ್ಕು. ಕಾಲು ಊದಿಕೊಳ್ಳುತ್ತಿತ್ತು, ಸಿಮೆಂಟು ಬೆಂಚಿನ ಮೇಲೆ ಕೂತು ಕೂತು ಏಳುತ್ತಿದ್ದರು. ಮೂರನೇ ಪುಟದಿಂದ ಎರಡನೇ ಪುಟಕ್ಕೆ ಬಂದೆವು. ಯುಗಾದಿ ಹತ್ತಿರ ಬರುತ್ತಿತ್ತು, ಮೈದಾನದಷ್ಟು ದೊಡ್ಡ ಪುಸ್ತಕದಲ್ಲಿ ನಾಲ್ಕು ಹೆಸರು.

ಒಂದು ಭಾನುವಾರ ನಾನೂ ಅವರ ಜೊತೆ ಸ್ಟೇಷನ್ನಿಗೆ ಹೋಗಿದ್ದೆ. ದೊಡ್ಡ ಗುಂಪೊಂದು ಇಳಿಯಿತು. ಹುಡುಕಿ ತೋರಿಸಿದರು, ಮಾವ ಬರೆದುಕೊಂಡರು, ಅವರು ಬೇರೆ ಯಾವುದೋ ಲಾಡ್ಜಿನ ಹೆಸರು ಹೇಳುತ್ತಾ ಹೊರಟುಹೋದರು. ನನ್ನ ತಾಳ್ಮೆ ಹೋಯಿತು.

"ಒಂದೇ ಒಂದು ಮಾತು ಹೇಳಬಾರದಿತ್ತಾ ಮಾವಾ? 'ಇಂಥ ಮನೆ ಇದೆ, ಊಟ ಚೆನ್ನಾಗಿದೆ' ಅಂತ? ಮನೆ ಹೋಗ್ತಿದೆ! ನಿಮ್ಮ ಸ್ವಂತ ಅಕ್ಕನ ಮನೆ!"

ಅವರು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿದರು. "ನನಗೆ ಗೊತ್ತಿಲ್ವಾ? ಆ ಗೂಡಲ್ಲಿ ದೀಪ ಹಚ್ಚೋಕೆ ನನ್ನ ಎತ್ತಿ ಹಿಡೀತಿದ್ದೋಳು ಅವಳು. ಹೇಳಿದ ಕ್ಷಣಕ್ಕೇ ನಾನು ತಕ್ಕಡಿ ಮೇಲೆ ಬೆರಳಿಟ್ಟಂಗೆ. ಆಮೇಲೆ ಈ ಬುಕ್ಕಲ್ಲಿರೋದೆಲ್ಲಾ ಸುಳ್ಳು. ನಾನೂ ಆ ಟೈ ಹಾಕಿದೋನೂ ಒಂದೇ."

ನೋಟ್‌ಬುಕ್ಕನ್ನು ಜೇಬಿಗಿಟ್ಟು, ಮುಂದಿನ ರೈಲಿಗೆ ಕಾಯಲು ಬೆಂಚಿನ ಕಡೆ ನಡೆದರು.

ಯುಗಾದಿಗೆ ಎರಡು ವಾರವಿರುವಾಗ ನಾವು ಮೊದಲ ಪುಟದ ಒಂಬತ್ತನೆಯವರಾದೆವು. ಎಂಟು ಬೇರೆ ಬೇರೆ ಫೋನಿನಲ್ಲಿ ನೋಡಿ ಖಾತ್ರಿ ಮಾಡಿಕೊಂಡಿದ್ದೇನೆ ಎಂದು ಮಾವ ಹೇಳಿದರು. ಹಬ್ಬಕ್ಕೆ ಬಂದ ನನ್ನ ಹೆಂಡತಿಯ ಅಣ್ಣ ಪುಸ್ತಕ ತೆರೆದ. ಹೆಸರುಗಳು ಕಡಿಮೆಯೇ. ಆದರೆ ಪ್ರತಿಯೊಬ್ಬರೂ ಎಲ್ಲಿಂದ, ಹೇಗೆ ತಿಳಿದು ಬಂದರು ಎಂದು ಎದುರಿಗೇ ಇತ್ತು, ಕೊನೆಯ ನಾಲ್ಕು ಮನೆಯವರು ಹುಡುಕಿಕೊಂಡೇ ಬಂದವರು. ಅವನು ಮಾವನ ಮುಖ ನೋಡಿದ. "ಇದು ಸರಿಯಾದ ತೂಕಾನಾ ಮಾವಾ?"

"ಸರಿಯಾದ್ದು. ಕಮ್ಮಿ ಇದೆ. ಆದ್ರೆ ಸರಿಯಾದ್ದು."

"ಹಂಗಾದ್ರೆ ಇನ್ನೊಂದು ವರ್ಷ ನೋಡೋಣ ಬಿಡಿ" ಅಂದ ಅವನು.

ಮಾವ ಒಳಗೆ ತಿರುಗಿ, "ಏನೇ ಹುಡುಗಿ, ಕಾಫಿ ಇದೆಯಾ?" ಎಂದು ಕೂಗಿದರು. ಲೋಟ ಕೈಗೆ ಬಂದಾಗ ತಳ ನೋಡಲು ಹೋಗಿ, ಕಾಫಿ ತುಂಬಿದೆಯೆಂದು ನೆನಪಾಗಿ, ತಮಗೆ ತಾವೇ ನಕ್ಕರು. ಆ ಮನೆಯಲ್ಲಿ ಅವರು ಕುಡಿದ ಕೊನೆಯ ಕಾಫಿ ಅದು. ಆಷಾಢದಲ್ಲಿ, ಅರಸೀಕೆರೆಯ ಮನೆಯಲ್ಲಿ, ಪೇಪರು ಓದುತ್ತಾ ಕುರ್ಚಿಯಲ್ಲೇ ಹೋಗಿಬಿಟ್ಟರು.

ಮುಂದಿನ ಮಾರ್ಗಶಿರದಲ್ಲಿ ಹುಬ್ಬಳ್ಳಿ ಕಡೆಯ ಗಂಡಹೆಂಡತಿ ಬಂದಿಳಿದರು. ನನ್ನ ಹೆಂಡತಿ ಪುಸ್ತಕ ತೆರೆದು ಎಂದಿನಂತೆ ಕೇಳಿದಳು. ಆ ಹೆಂಗಸು ಹೇಳಿದರು:

"ಹ್ವಾದ ಸಲ ಬಂದಾಗ ಅರಸೀಕೆರಿ ಸ್ಟೇಷನ್ನ್ಯಾಗ ಒಬ್ರು ಅಜ್ಜಾರು ಫೋನಿನ್ಯಾಗ ಹುಡುಕಸಿದ್ರರೀ. ನಿಮ್ಮನಿ ಹೆಸರು ಭಾಳ ಕೆಳಗ ಬಂತು. ಅದನ್ನ ನೋಡಿ ಅಜ್ಜಾರ ಮಾರಿ ಇಷ್ಟ ಸಣ್ಣದಾತು. 'ಯಾಕ್ರೀ ಅಜ್ಜಾರ, ನಿಮ್ಮನಿ ಏನು?' ಅಂತ ಕೇಳಿದ್ರ, 'ಅಲ್ಲ ತಾಯಿ, ನಂದಲ್ಲ' ಅಂದ್ರು. ಆ ಸಲ ಬ್ಯಾರೆ ಕಡೆ ರೂಮ್ ಮಾಡಿದ್ವಿ. ಆದ್ರ ಆ ಮಾರಿ ಮರೀಲೇ ಇಲ್ಲ ನೋಡ್ರಿ. ಅದಕ್ಕ ಈ ಸಲ ಹೆಸರು ಹುಡುಕ್ಕೊಂಡ ಬಂದ್ವಿ."

ನನ್ನ ಹೆಂಡತಿ ಪೆನ್ನು ತೆಗೆದುಕೊಂಡಳು. ಆ ಕಾಲಮ್ಮಿನಲ್ಲಿ 'ಮಾವ' ಎಂದು ಬರೆದು, ಅವರಿಗೆ ಮೊದಲನೇ ಕೋಣೆಯ ಬೀಗದಕೈ ಕೊಟ್ಟಳು.